ಮುಖಗವಸಿನ ಕಟ್ಟಳೆಯೂ ನ್ಯಾಯಸ್ಥಾನವೂ: ಪೆನ್ಸಿಲ್ವೇನಿಯ ಮತ್ತು ಅಯೋವಾ, 2021–22

ಕೋವಿಡ್ ಜಾಡ್ಯವು ಹಬ್ಬಿದ್ದ ಕಾಲದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಶಾಲೆಗಳಲ್ಲಿ ಮುಖಗವಸಿನ ವಿಷಯವಾಗಿ ಎದ್ದ ವ್ಯಾಜ್ಯಗಳನ್ನು ವಿಜ್ಞಾನಕ್ಕೂ ಸ್ವಾತಂತ್ರ್ಯಕ್ಕೂ ನಡೆದ ಕಲಹವೆಂದು ವರ್ಣಿಸುವುದು ವಾಡಿಕೆ. ತೀರ್ಪುಗಳನ್ನು ಪರಿಶೀಲಿಸಿದರೆ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಗವಸನ್ನು ವಿಧಿಸುವ ಅಥವಾ ನಿಷೇಧಿಸುವ ಅಧಿಕಾರವು ಯಾರದೆಂಬುದೇ ಅಲ್ಲಿ ಮುಖ್ಯವಾದ ವಿವಾದಾಂಶವಾಗಿತ್ತು.

ಇದಕ್ಕೆ ಪೂರ್ವಪೀಠಿಕೆಯೊಂದುಂಟು. ಮ್ಯಾಸಚೂಸೆಟ್ಸ್ ಸಂಸ್ಥಾನದ ಕೇಂಬ್ರಿಜ್ ನಗರದಲ್ಲಿ ಸಿಡುಬಿನ ದೇವಿಯನ್ನು ಹಾಕಿಸಿಕೊಳ್ಳಲೊಲ್ಲದ ಜೇಕಬ್ಸನ್ ಎಂಬಾತನಿಗೆ 5 ಡಾಲರು ದಂಡ ವಿಧಿಸಲ್ಪಟ್ಟಿತು. 1905ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಸ್ಥಾನವು ಅದನ್ನು ಎತ್ತಿಹಿಡಿಯಿತು. ಆದರೆ ಆ ದಂಡದ ಬೆನ್ನಿಗೆ ಸಂಸ್ಥಾನದ ಶಾಸನಸಭೆಯು ಮಾಡಿದ ಕಾನೂನು ಇದ್ದಿತೆಂಬುದನ್ನು ಮರೆಯಲಾಗದು.

ಪೆನ್ಸಿಲ್ವೇನಿಯದಲ್ಲಿ ಇಂತಹ ಆಧಾರವೇ ಪ್ರಶ್ನೆಗೆ ಒಳಗಾಯಿತು. 2021ನೆಯ ಮೇ 18ರಂದು ಅಲ್ಲಿನ ಮತದಾರರು ರಾಜ್ಯಾಂಗವನ್ನು ತಿದ್ದಿ, ಗವರ್ನರು ಸಾರುವ ವಿಪತ್ಕಾಲವು ಶಾಸನಸಭೆಯ ಸಮ್ಮತಿಯಿಲ್ಲದೆ 21 ದಿನಗಳನ್ನು ಮೀರಕೂಡದೆಂದು ವಿಧಿಸಿದ್ದರು. ಆಗಸ್ಟ್ 31ರಂದು ಆರೋಗ್ಯ ಇಲಾಖೆಯ ಹಂಗಾಮಿ ಕಾರ್ಯದರ್ಶಿಯು, 1955ರ ರೋಗನಿವಾರಣ ಶಾಸನವನ್ನು ಆಧರಿಸಿ, ಸೆಪ್ಟೆಂಬರ್ 7ರಿಂದ ಶಾಲೆಯೊಳಗೆ ಎಲ್ಲರೂ ಗವಸು ಧರಿಸತಕ್ಕದ್ದೆಂದು ಆಜ್ಞಾಪಿಸಿದರು. ನವೆಂಬರ್ 10ರಂದು ಸಂಸ್ಥಾನದ ಕಾಮನ್‌ವೆಲ್ತ್ ನ್ಯಾಯಸ್ಥಾನವು ಆ ಆಜ್ಞೆಯನ್ನು ಅಸಿಂಧುವೆಂದಿತು. ಡಿಸೆಂಬರ್ 10ರಂದು ಸಂಸ್ಥಾನದ ಸರ್ವೋಚ್ಚ ನ್ಯಾಯಸ್ಥಾನವು ಅದನ್ನೇ ಸ್ಥಿರಪಡಿಸಿತು. ಇದ್ದ ಕಾನೂನು ಆ ಅಧಿಕಾರಿಗೆ ಅಷ್ಟು ಶಕ್ತಿಯನ್ನು ಕೊಟ್ಟಿರಲಿಲ್ಲವೆಂಬುದೇ ಕಾರಣ. ಗವಸಿನ ಗುಣದೋಷಗಳ ವಿಷಯದಲ್ಲಿ ತನ್ನ ಅಭಿಪ್ರಾಯವೇನೂ ಇಲ್ಲವೆಂದು ಕಾಮನ್‌ವೆಲ್ತ್ ನ್ಯಾಯಸ್ಥಾನವು ಸ್ಪಷ್ಟವಾಗಿಯೇ ಹೇಳಿತು.

ಅಯೋವಾದ ಪ್ರಕರಣವು ಇದಕ್ಕೆ ವಿಪರ್ಯಾಯವಾದುದು. ಅಲ್ಲಿ 2021ನೆಯ ಮೇ 20ರಂದು ಜಾರಿಗೆ ಬಂದ ಕಾನೂನು, ಶಾಲೆಗಳು ಗವಸನ್ನು ಕಡ್ಡಾಯ ಮಾಡುವುದನ್ನೇ ನಿಷೇಧಿಸಿತು. ಅಂಗವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳು ದಾವೆ ಹೂಡಿದರು. ಸುತ್ತಲಿನವರು ಬಾಯಿಮೂಗುಗಳನ್ನು ಮುಚ್ಚಿಕೊಳ್ಳದಿದ್ದರೆ ತಮ್ಮ ಮಕ್ಕಳು ಅಪಾಯವಿಲ್ಲದೆ ಶಾಲೆಗೆ ಹೋಗುವಂತಿಲ್ಲವೆಂಬುದು ಅವರ ವಾದ. ಅಂಗವಿಕಲರ ಹಕ್ಕನ್ನು ಕಾಯುವ 1973 ಮತ್ತು 1990ರ ಒಕ್ಕೂಟದ ಶಾಸನಗಳನ್ನು ಅನುಸರಿಸಿ ಒಕ್ಕೂಟದ ನ್ಯಾಯಾಧೀಶರು ಸೆಪ್ಟೆಂಬರ್ 13ರಂದು ಆ ನಿಷೇಧಕ್ಕೆ ತಡೆಯಿತ್ತರು. ಮೇಲ್ಮನವಿಯ ನ್ಯಾಯಸ್ಥಾನವು 2022ನೆಯ ಜನವರಿಯಲ್ಲಿ ಆ ತಡೆಯನ್ನು ವಾದಿಗಳ ಮಕ್ಕಳು ಓದುವ ಶಾಲೆಗಳಿಗಷ್ಟೇ ಸೀಮಿತಗೊಳಿಸಿತು. ಮೇ ತಿಂಗಳಲ್ಲಿ, ಐದು ವರ್ಷಕ್ಕೆ ಮೇಲ್ಪಟ್ಟ ಮಕ್ಕಳಿಗೂ ಲಸಿಕೆ ದೊರೆತು ಪರಿಸ್ಥಿತಿಯು ಬದಲಾದುದರಿಂದ, ಅದನ್ನು ರದ್ದುಮಾಡಿತು.

ಒಂದೆಡೆ ವಿಧಿಸಿದವರು ಸೋತರು. ಇನ್ನೊಂದೆಡೆ ನಿಷೇಧಿಸಿದವರು ಕೆಲಕಾಲ ತಡೆಯಲ್ಪಟ್ಟರು. ಆದರೂ ಅಳತೆಗೋಲು ಒಂದೇ: ಆಜ್ಞೆಗೆ ಶಾಸನದ ಆಧಾರವಿರಬೇಕು, ಮೇಲಿನ ಶಾಸನವನ್ನು ಅದು ಮೀರಬಾರದು. ಈ ನಿಯಮವು ನ್ಯಾಯವಾದುದೆಂದು ಒಪ್ಪಿದರೂ ಅದಕ್ಕೆ ತೆತ್ತ ಬೆಲೆಯನ್ನು ಎಣಿಸದಿರಲಾಗದು. ಪೆನ್ಸಿಲ್ವೇನಿಯದಲ್ಲಿ ಅಧಿಕಾರವಿಲ್ಲದ ಆಜ್ಞೆಯು ಮೂರು ತಿಂಗಳು ನಡೆಯಿತು. ಅಯೋವಾದಲ್ಲಿ ದುರ್ಬಲ ಮಕ್ಕಳ ಹಕ್ಕು ಕೊನೆಯ ವರೆಗೆ ಇತ್ಯರ್ಥವಾಗದೆಯೇ ಉಳಿಯಿತು. ಯಾರ ಅಧಿಕಾರ ಎಷ್ಟೆಂಬುದನ್ನು ಜಾಡ್ಯದ ನಡುವೆ ನಿರ್ಣಯಿಸಹೊರಡುವುದು ಮನೆ ಹತ್ತಿ ಉರಿಯುವಾಗ ಬಾವಿ ತೋಡಿದಂತೆಯೇ ಸರಿ.