ಆರ್ಥರ್ (ಕಿಂಕ್ಸ್ ತಂಡದ ರಾಕ್ ಆಲ್ಬಮ್)

ಆರ್ಥರ್: ಲಂಡನ್ನಿನ ಕಿಂಕ್ಸ್ ರಾಕ್ ತಂಡ 1969ರ ಅಕ್ಟೋಬರ್‌ನಲ್ಲಿ ಹೊರತಂದ ಕಥನಾತ್ಮಕ ಆಲ್ಬಮ್. ಪೂರ್ಣ ಹೆಸರು ‘ಆರ್ಥರ್ ಅಥವಾ ಬ್ರಿಟಿಷ್ ಸಾಮ್ರಾಜ್ಯದ ಅವನತಿ ಮತ್ತು ಪತನ’. ಇದರ 12 ಹಾಡುಗಳನ್ನೂ ಬರೆದು ನಿರ್ಮಿಸಿದವನು ತಂಡದ ಮುಖ್ಯ ಗಾಯಕ ರೇ ಡೇವಿಸ್ (ಜನನ 1944). ಗ್ರನಾಡಾ ಟೆಲಿವಿಷನ್ ಸಂಸ್ಥೆ ತಯಾರಿಸಬೇಕಿದ್ದ ನಾಟಕವೊಂದಕ್ಕೆಂದು ಹುಟ್ಟಿದ ಹಾಡುಗಳಿವು. ನಾಟಕ ತೆರೆಗೆ ಬರಲೇ ಇಲ್ಲ. ಕಥೆಯ ಆಸರೆ ತಪ್ಪಿದ ಆಲ್ಬಮ್ ತನ್ನ ದೇಶದ ಮಾರಾಟದ ಪಟ್ಟಿಗೂ ಸೇರದೆ ಬಹುಕಾಲ ಮರೆಯಲ್ಲಿ ಉಳಿಯಿತು.

ಹಿನ್ನೆಲೆ

1964ರಲ್ಲಿ ‘ಯೂ ರಿಯಲಿ ಗಾಟ್ ಮಿ’ ಹಾಡಿನಿಂದ ಬ್ರಿಟನ್ನಿನ ಮೊದಲ ಸ್ಥಾನಕ್ಕೇರಿದ ಕಿಂಕ್ಸ್, ಮರುವರ್ಷದ ಅಮೆರಿಕ ಪ್ರವಾಸದಲ್ಲಿ ಜಗಳ ಕಟ್ಟಿಕೊಂಡಿತು. ಅಲ್ಲಿನ ಸಂಗೀತಗಾರರ ಒಕ್ಕೂಟ 1969ರವರೆಗೆ ತಂಡಕ್ಕೆ ಅನುಮತಿ ಕೊಡಲಿಲ್ಲ. ಅಮೆರಿಕದ ಬಾಗಿಲು ಮುಚ್ಚಿದ್ದರಿಂದಲೇ ರೇ ತನ್ನ ಬೀದಿಯತ್ತ ಕಣ್ಣು ಹೊರಳಿಸಿದ ಎಂಬುದು ವಿಮರ್ಶಕರಲ್ಲಿ ರೂಢಿಯಾದ ಮಾತು. ಅದರಲ್ಲಿ ಸ್ವಲ್ಪ ಹುರುಳಿದ್ದೀತು. ಆದರೆ ‘ಆರ್ಥರ್’ನ ಮೂಲ ಇನ್ನೂ ಹಿಂದಿನದು, ಮನೆಯೊಳಗಿನದು.

ಅಕ್ಕ, ಭಾವ ಮತ್ತು ಹತ್ತು ಪೌಂಡಿನ ಟಿಕೆಟು

ರೇಗೆ ಆರು ಮಂದಿ ಅಕ್ಕಂದಿರು. ಅವರಲ್ಲಿ ರೋಸ್ ಎಂಬಾಕೆಯ ಮನೆಯಲ್ಲಿ ಆತ ಬಾಲ್ಯದ ಕೆಲಕಾಲ ಬೆಳೆದ. ಆಕೆಯ ಗಂಡನ ಹೆಸರೇ ಆರ್ಥರ್. ಈ ಸಂಸಾರ 1964ರಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಹೋಯಿತು.

ಎರಡನೆಯ ಮಹಾಯುದ್ಧದ ಬಳಿಕ ಆಸ್ಟ್ರೇಲಿಯಾಕ್ಕೆ ದುಡಿಯುವ ಕೈಗಳು ಬೇಕಾಗಿದ್ದವು. ಬ್ರಿಟನ್ನಿನಿಂದ ಬರುವ ವಯಸ್ಕರು ಹಡಗಿನ ದರಕ್ಕೆ ತಲಾ 10 ಪೌಂಡ್ ಕೊಟ್ಟರೆ ಸಾಕು, ಉಳಿದದ್ದನ್ನು ಸರ್ಕಾರವೇ ಭರಿಸುತ್ತಿತ್ತು, ಮಕ್ಕಳಿಗೆ ಬಿಟ್ಟಿ. ಎರಡು ವರ್ಷದೊಳಗೆ ವಾಪಸಾಗುವವರು ಮಾತ್ರ ಪ್ರಯಾಣದ ಪೂರ್ತಿ ಖರ್ಚನ್ನು ತಾವೇ ಕಟ್ಟಿಕೊಡಬೇಕಿತ್ತು. ಹೀಗೆ ಹೋದವರ ಸಂಖ್ಯೆ ಹತ್ತು ಲಕ್ಷ ಮೀರಿತು. ಅಡಿಲೇಡ್ ನಗರದ ಉತ್ತರಕ್ಕೆ ಸುಮಾರು 25 ಕಿ.ಮೀ. ದೂರದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವಸತಿ ಮಂಡಳಿ 1955ರಲ್ಲಿ ಎಲಿಜಬೆತ್ ಎಂಬ ಯೋಜಿತ ಊರನ್ನು ಸ್ಥಾಪಿಸಿತು. ರಾಣಿಯ ಹೆಸರಿನ ಈ ಊರಲ್ಲಿ ಹೋಲ್ಡನ್ ಕಾರು ಕಾರ್ಖಾನೆಯಿತ್ತು. ಒಂದೇ ಅಳತೆಯ ಮನೆಗಳು ಸಾಲುಸಾಲಾಗಿ ಎದ್ದವು. ನೆಲೆಸಿದವರಲ್ಲಿ ಬ್ರಿಟಿಷರೇ ದಂಡಿಯಾಗಿದ್ದರು. ರೋಸ್ ಸಂಸಾರ ನೆಲೆಸಿದ್ದೂ ಇಲ್ಲೇ. ರೇ ಅಕ್ಕನನ್ನು ಕಾಣಲು ಬಂದದ್ದು ಇಲ್ಲಿಗೆ, 1965ರ ಆಸ್ಟ್ರೇಲಿಯಾ ಪ್ರವಾಸದಲ್ಲಿ. (ಅದೇ ಪ್ರವಾಸದ ದಾರಿಯಲ್ಲಿ ಬೊಂಬಾಯಿಯಲ್ಲಿ ತಂಗಿದಾಗ ಬೆಳಗಿನ ಜಾವ ಮೀನುಗಾರರು ಹಾಡಿಕೊಂಡು ಹೋಗುವುದನ್ನು ಆತ ಕೇಳಿದ. ತಂಬೂರಿಯ ಶ್ರುತಿಯನ್ನು ನೆನಪಿಸುವ ‘ಸೀ ಮೈ ಫ್ರೆಂಡ್ಸ್’ ಹಾಡು ಹುಟ್ಟಿದ್ದು ಹಾಗೆ. ಬೀಟಲ್ಸ್‌ನವರ ಸಿತಾರ್ ಕೇಳಿಬರುವ ಮೊದಲೇ ಅದು ಬಿಡುಗಡೆಯಾಗಿತ್ತು ಎಂಬುದನ್ನು ಇಲ್ಲಿ ಹೇಳದೆ ಬಿಡುವುದು ಕಷ್ಟ.) ಅಕ್ಕ ದೂರವಾದ ಸಂಕಟ 1966ರ ‘ಫೇಸ್ ಟು ಫೇಸ್’ ಆಲ್ಬಮ್ಮಿನ ಒಂದು ಹಾಡಿನಲ್ಲಿ ನೇರವಾಗಿಯೇ ಬಂದಿದೆ. ಮೂರು ವರ್ಷಗಳ ಬಳಿಕ ಅದೇ ಸಂಕಟ ಒಂದು ತಲೆಮಾರಿನ ಕಥೆಯಾಗಿ ಬೆಳೆಯಿತು.

ಕಥೆ

ಆರ್ಥರ್ ಮಾರ್ಗನ್ ಎಂಬ ನಡುವಯಸ್ಸು ದಾಟಿದ ಕೆಲಸಗಾರ ಲಂಡನ್ನಿನ ಹೊರವಲಯದ ಬಡಾವಣೆಯಲ್ಲಿ ಹೆಂಡತಿ ರೋಸ್ ಜೊತೆ ಇದ್ದಾನೆ. ಅಣ್ಣತಮ್ಮಂದಿರಲ್ಲಿ ಒಬ್ಬ ಮೊದಲ ಮಹಾಯುದ್ಧದ ಸೋಮ್ ಕದನದಲ್ಲಿ ಸತ್ತ; ಅವನ ಹೆಸರನ್ನೇ ಇಟ್ಟಿದ್ದ ಮಗ ಕೊರಿಯಾದಲ್ಲಿ ಸತ್ತ. ಉಳಿದ ಮಗ ಡೆರೆಕ್ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟಿದ್ದಾನೆ. ಹಾಡುಗಳು ಈ ಕ್ರಮದಲ್ಲೇನೂ ಸಾಗುವುದಿಲ್ಲ. ಮೊದಲನೆಯದು ವಿಕ್ಟೋರಿಯಾ ರಾಣಿಯ ಕಾಲದ ಗುಣಗಾನ. ಅದರ ಬೆನ್ನಿಗೇ ಸಿಪಾಯಿಯ ಕವಾಯತು, ಮಗನನ್ನು ಕಳೆದುಕೊಂಡ ತಾಯಿ.

‘ಶಾಂಗ್ರಿ-ಲಾ’

ಆಲ್ಬಮ್ಮಿನ ತಿರುಳು ಈ ಐದು ನಿಮಿಷ ಮೀರಿದ ಹಾಡು. ಜೇಮ್ಸ್ ಹಿಲ್ಟನ್‌ನ 1933ರ ಕಾದಂಬರಿಯಲ್ಲಿ ಶಾಂಗ್ರಿ-ಲಾ ಹಿಮಾಲಯದಾಚೆಯ ಕಲ್ಪಿತ ಸುಖಧಾಮ. ಇಲ್ಲಿ ಅದು ಆರ್ಥರನ ಮನೆಯ ಗೇಟಿನ ಮೇಲಿನ ಹೆಸರು. ಎರಡು ಮಹಾಯುದ್ಧಗಳ ನಡುವೆ ಬ್ರಿಟನ್ನಿನಲ್ಲಿ ಸುಮಾರು 40 ಲಕ್ಷ ಮನೆಗಳು ಎದ್ದವು. ಒಂದೇ ಅಚ್ಚಿನ ಮನೆಗಳ ನಡುವೆ ತಮ್ಮದನ್ನು ಬೇರೆಯಾಗಿ ಕಾಣಿಸಲು ಜನ ಹೆಸರಿನ ಫಲಕ ಹಾಕುತ್ತಿದ್ದರು.

ಹಾಡು ಒಂಟಿ ಅಕೂಸ್ಟಿಕ್ ಗಿಟಾರಿನ ಮೆಲ್ಲನೆಯ ಮೀಟಿನೊಂದಿಗೆ ತೆರೆಯುತ್ತದೆ. ಹಿತ್ತಿಲ ಕೊನೆಯ ಕಕ್ಕಸು ಹೋಗಿ ಮನೆಯೊಳಗೇ ಸೌಕರ್ಯ ಬಂದಿದೆ, ಕಾಲಿಗೆ ಚಪ್ಪಲಿ, ಎದುರಿಗೆ ಬೆಂಕಿಗೂಡು: ದುಡಿದ ಮನುಷ್ಯ ಪಡೆದದ್ದನ್ನು ರೇ ಜೋಗುಳದಂತೆ ಎಣಿಸುತ್ತಾನೆ. ಹಿತ್ತಾಳೆಯ ವಾದ್ಯಗಳು ಒಂದೊಂದೇ ಪದರವಾಗಿ ಏರುತ್ತವೆ. ಅರ್ಧ ದಾರಿಯಲ್ಲಿ ಮಿಕ್ ಏವರಿಯ ಡ್ರಮ್ ಸಿಡಿದು ಹಾಡು ಒಮ್ಮೆಲೇ ಗಡುಸಾಗುತ್ತದೆ. ಆಗ ಬರುವುದು ಲೆಕ್ಕದ ಇನ್ನೊಂದು ಮಗ್ಗುಲು: ಮನೆಸಾಲ, ಗ್ಯಾಸಿನ ಬಿಲ್ಲು, ನೀರಿನ ತೆರಿಗೆ, ಕಾರಿನ ಕಂತು, ಹಣಕಿ ನೋಡುವ ನೆರೆಹೊರೆ, ದಿನಾ ಅದೇ ರೈಲು, ದೂರಲೂ ಅಂಜಿಕೆ. ಇದನ್ನು ಮಧ್ಯಮವರ್ಗದ ಗೇಲಿಯೆಂದು ಓದುವವರಿದ್ದಾರೆ. ಆ ಓದು ನಿಲ್ಲಲಾರದು. ಮೊದಲರ್ಧದ ಅಕ್ಕರೆ ನಟನೆಯಲ್ಲ, ಕಕ್ಕಸು ಒಳಗೆ ಬಂದದ್ದರ ಬೆಲೆ ಬಲ್ಲ ಮನೆಯಿಂದ ಬಂದವನು ರೇ. ಅತೃಪ್ತಿ ಇಲ್ಲಿ ಬಡತನದಿಂದ ಹುಟ್ಟಿದ್ದಲ್ಲ, ಬಯಸಿದ್ದೆಲ್ಲ ಸಿಕ್ಕಮೇಲೆ ಕದಲಲು ಜಾಗವಿಲ್ಲದ್ದರಿಂದ ಹುಟ್ಟಿದ್ದು.

ಧ್ವನಿಮುದ್ರಣ

ಆಲ್ಬಮ್ಮಿನ ಧ್ವನಿಮುದ್ರಣ 1969ರ ಬೇಸಿಗೆಯಲ್ಲಿ ಲಂಡನ್ನಿನ ಪೈ ಸ್ಟುಡಿಯೊದಲ್ಲಿ ನಡೆಯಿತು. ಪೀಟ್ ಕ್ವೈಫ್ ತಂಡ ಬಿಟ್ಟಿದ್ದರಿಂದ ಬಾಸ್ ಗಿಟಾರ್ ಜಾನ್ ಡಾಲ್ಟನ್‌ನದು. ತಂತಿ ಮತ್ತು ಹಿತ್ತಾಳೆ ವಾದ್ಯಗಳ ಸಂಯೋಜನೆ ಲ್ಯೂ ವಾರ್ಬರ್ಟನ್‌ನದು.

ಬಾರದ ನಾಟಕ

ಕಾದಂಬರಿಕಾರ ಜೂಲಿಯನ್ ಮಿಚೆಲ್ ರೇ ಜೊತೆ ಕೂತು ನಾಟಕ ಬರೆದ. ನಿರ್ದೇಶನಕ್ಕೆ ಲೆಸ್ಲಿ ವುಡ್‌ಹೆಡ್, ಆರ್ಥರನ ಪಾತ್ರಕ್ಕೆ ಫ್ರಾಂಕ್ ಫಿನ್ಲೆ ಗೊತ್ತಾಗಿದ್ದರು. ಹಣದ ವ್ಯವಸ್ಥೆ ಆಗದೆ ಕೊನೆ ಗಳಿಗೆಯಲ್ಲಿ ಯೋಜನೆ ಕೈಬಿಟ್ಟುಹೋಯಿತು. ಅಷ್ಟರಲ್ಲಿ, ಅದೇ ವರ್ಷದ ಮೇ ತಿಂಗಳಲ್ಲಿ ಬಂದಿದ್ದ ದ ಹೂ ತಂಡದ ‘ಟಾಮಿ’ ರಾಕ್ ಆಪೆರಾ ಎಂಬ ಕೀರ್ತಿಯನ್ನು ಬಾಚಿಕೊಂಡಾಗಿತ್ತು. ಆಲ್ಬಮ್ಮಿನ ಹೊದಿಕೆಗೆ ಮಿಚೆಲ್ ಬರೆದ ಟಿಪ್ಪಣಿಯೇ ಕೇಳುಗರಿಗೆ ದಕ್ಕಿದ ನಾಟಕ.

ಸ್ವಾಗತ

‘ಡ್ರೈವಿನ್’, ‘ಶಾಂಗ್ರಿ-ಲಾ’ ಬಿಡಿ ರೆಕಾರ್ಡುಗಳು ಬ್ರಿಟನ್ನಿನಲ್ಲಿ ನೆಲಕಚ್ಚಿದವು. ‘ವಿಕ್ಟೋರಿಯಾ’ 33ನೆಯ ಸ್ಥಾನ ಮುಟ್ಟಿತು. ಅಮೆರಿಕದಲ್ಲಿ ಆಲ್ಬಮ್ 105ಕ್ಕೆ ನಿಂತರೂ ವಿಮರ್ಶಕ ಗ್ರೀಲ್ ಮಾರ್ಕಸ್ ರೋಲಿಂಗ್ ಸ್ಟೋನ್ ಪತ್ರಿಕೆಯಲ್ಲಿ ಅದನ್ನು ಮನಸಾರೆ ಹೊಗಳಿದ. 1988ರಲ್ಲಿ ದ ಫಾಲ್ ತಂಡ ‘ವಿಕ್ಟೋರಿಯಾ’ವನ್ನು ಮತ್ತೆ ಹಾಡಿತು.

‘ಆರ್ಥರ್’ ತಯಾರಾಗುತ್ತಿದ್ದ ದಿನಗಳಲ್ಲೇ ರೇಯ ತಮ್ಮ, ತಂಡದ ಗಿಟಾರ್ ವಾದಕ ಡೇವ್ ಡೇವಿಸ್ ಸ್ವಂತ ಆಲ್ಬಮ್ಮೊಂದನ್ನು ಮುದ್ರಿಸಿದ್ದ. ಅದು ಬಿಡುಗಡೆಯಾಗದೆ ಕಪಾಟು ಸೇರಿತು. ಅದರ ಹಾಡುಗಳನ್ನು 2011ರಲ್ಲಿ ‘ಹಿಡನ್ ಟ್ರೆಷರ್ಸ್’ ಹೆಸರಿನಲ್ಲಿ ಒಟ್ಟುಗೂಡಿಸಲಾಯಿತು. 2019ರಲ್ಲಿ ‘ಆರ್ಥರ್’ನ ಐವತ್ತನೆಯ ವರ್ಷದ ವಿಶೇಷ ಆವೃತ್ತಿ ಬಂದಾಗ ಅವಕ್ಕೂ ಅದರಲ್ಲಿ ಜಾಗ ಸಿಕ್ಕಿತು.