ರೂಪಾಯಿಗೆ ಅರ್ಧ ಆಣೆ

ನಮ್ಮ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಕೊಯಮತ್ತೂರು ಜಿಲ್ಲೆಗೆ ಸೇರಿದ ತಾಲ್ಲೂಕು. ಕಲೆಕ್ಟರ್ ಕಚೇರಿಯ ಕೆಲಸ ಬಿದ್ದರೆ ನಮ್ಮ ಹಿರಿಯರು ದಿಂಬಂ ಘಾಟಿ ಇಳಿದು, ಸತ್ಯಮಂಗಲ ದಾಟಿ ಹೋಗಬೇಕಿತ್ತು. ನಾನು ಆ ಜಿಲ್ಲೆಯನ್ನು ನೆನೆಯುವುದು ಬೇರೆ ಕಾರಣಕ್ಕೆ. ಯಂತ್ರ, ದುಡಿಮೆ, ಕಲಿಕೆಯ ಬಗ್ಗೆ ಯೋಚನೆಗೆ ಹಚ್ಚುವ ಮಾತು ಪುಸ್ತಕದಲ್ಲಿ ಕಂಡರೆ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ನನ್ನ ಚಟ. ಅಂಥ ಪುಸ್ತಕ ಕಾಸಿಲ್ಲದವನಿಗೂ ಸಿಗಬೇಕೆಂದು ಕಾನೂನು ತಂದವರು ಆ ಸೀಮೆಯವರು.

ಆ ಕಾನೂನು ತಂದ ಟಿ.ಎಸ್. ಅವಿನಾಶಿಲಿಂಗಂ 1903ರಲ್ಲಿ ತಿರುಪ್ಪೂರಿನಲ್ಲಿ ಹುಟ್ಟಿದರು. ಓದಿದ್ದು ವಕೀಲಿ, ಮೆಚ್ಚಿದ್ದು ಮೇಷ್ಟರ ಕೆಲಸ. 1930ರಲ್ಲಿ ಅವರು ಆರಂಭಿಸಿದ ರಾಮಕೃಷ್ಣ ವಿದ್ಯಾಲಯಕ್ಕೆ ಕೊಯಮತ್ತೂರಿನ ಹತ್ತಿರದ ಪೆರಿಯನಾಯಕ್ಕನ್‌ಪಾಳ್ಯದಲ್ಲಿ ಗಾಂಧೀಜಿ 1934ರಲ್ಲಿ ಅಡಿಗಲ್ಲಿಟ್ಟರು. ಅಲ್ಲಿ ಪಾಠಕ್ಕೂ ಕೈಕೆಲಸಕ್ಕೂ ಒಂದೇ ಮರ್ಯಾದೆ.

1946ರಲ್ಲಿ ಅವರು ಮದರಾಸು ಪ್ರಾಂತದ ಶಿಕ್ಷಣ ಮಂತ್ರಿಯಾದರು. ಗ್ರಂಥಾಲಯ ಶಾಸ್ತ್ರದ ಗುರು ಎಸ್.ಆರ್. ರಂಗನಾಥನ್ ಗ್ರಂಥಾಲಯಗಳಿಗೊಂದು ಕಾನೂನು ಬೇಕೆಂದು ವರ್ಷಗಳಿಂದ ಹೇಳುತ್ತ ಬಂದಿದ್ದ ಮಾತಿಗೆ ಆಗ ಕಿವಿಗೊಡುವವರು ಸಿಕ್ಕರು. 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಲೆಕ್ಕ ಸರಳ: ಮನೆ ಕಂದಾಯದ ಪ್ರತಿ ರೂಪಾಯಿಗೆ ಆರು ಪೈ, ಅಂದರೆ ಅರ್ಧ ಆಣೆ, ಲೈಬ್ರರಿ ಸೆಸ್. ದಾನಿಗಳ ದಯೆಗೆ ಕಾಯಬೇಕಿಲ್ಲ. ಊರಿನ ದುಡ್ಡು, ಊರಿನ ಪುಸ್ತಕ. ಬಳ್ಳಾರಿ, ದಕ್ಷಿಣ ಕನ್ನಡ, ಕೊಳ್ಳೇಗಾಲ ಆಗ ಅದೇ ಪ್ರಾಂತದಲ್ಲಿದ್ದುದರಿಂದ ಕಾಯ್ದೆ ಕನ್ನಡಿಗರಿಗೂ ಅನ್ವಯಿಸಿತು.

ಕಪಾಟು ಕಟ್ಟಿದರೆ ಆಯಿತೆ? ಅದರಲ್ಲಿ ಇಡಲು ತಾಯ್ನುಡಿಯ ಪುಸ್ತಕ ಬೇಡವೆ? ಅವಿನಾಶಿಲಿಂಗಂ ತಮಿಳು ವಿಶ್ವಕೋಶಕ್ಕೂ ಕೈಹಾಕಿದರು. ವಿದ್ಯಾಲಯದಲ್ಲಿ ಮೇಷ್ಟರಾಗಿದ್ದ ಕವಿ ಪೆರಿಯಸಾಮಿ ತೂರನ್ ಸಂಪಾದಕರಾದರು. ‘ಕಲೈಕ್ಕಳಂಜಿಯಂ’ ಮೊದಲ ಸಂಪುಟ 1954ರಲ್ಲಿ ಬಂತು, ಹತ್ತನೆಯದು 1968ರಲ್ಲಿ. ಆಚೆ ಪುತ್ತೂರಿನಲ್ಲಿ ಶಿವರಾಮ ಕಾರಂತರು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಒಬ್ಬರೇ ಬರೆದು ಮುಗಿಸಿದರು. ತಮಿಳರು ಮಂಡಳಿ ಕಟ್ಟಿ ಮಾಡಿದ ಬಗೆಯ ಕೆಲಸವನ್ನು ನಮ್ಮವರು ಒಬ್ಬ ಕಾರಂತರ ಹೆಗಲಿಗೆ ಹಾಕಿದ್ದರು.

ಪುಸ್ತಕವೇ ಎಲ್ಲ ಎನ್ನುವವರಿಗೆ ಉತ್ತರವಾಗಿ ಅದೇ ಕೊಯಮತ್ತೂರಿನಲ್ಲಿ ಜಿ.ಡಿ. ನಾಯ್ಡು ಇದ್ದರು. ಶಾಲೆಯನ್ನು ಅರ್ಧಕ್ಕೇ ಬಿಟ್ಟವರು. ಹೋಟೆಲಿನಲ್ಲಿ ಸಪ್ಲೈಯರ್ ಆಗಿ ದುಡಿದು, ಬ್ರಿಟಿಷ್ ಅಧಿಕಾರಿಯೊಬ್ಬರ ರಡ್ಜ್ ಮೋಟಾರ್‌ಸೈಕಲ್ ಕೊಂಡು, ಅದನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿ ಯಂತ್ರದ ಒಳಗುಟ್ಟು ಕಲಿತರು. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಬಸ್ ಓಡಿಸಿದರು. 1945ರಲ್ಲಿ ಗವರ್ನರ್ ಆರ್ಥರ್ ಹೋಪ್ ಹೆಸರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದು, ನಾಲ್ಕು ವರ್ಷದ ಕೋರ್ಸು ದಂಡ, ಎರಡು ವರ್ಷ ಸಾಕು ಎಂದು ವಾದಿಸಿದರು. ಸರ್ಕಾರ ಒಪ್ಪಲಿಲ್ಲ, ಅವರು ಹೊರಬಂದರು. ಆ ಕಾಲೇಜು ಇಂದಿನ ಸರ್ಕಾರಿ ತಂತ್ರಜ್ಞಾನ ಕಾಲೇಜು.

ನನ್ನ ನೋಟ್‌ಬುಕ್ಕಿನಲ್ಲಿ ಇಬ್ಬರಿಗೂ ಜಾಗವಿದೆ. ಆದರೆ ಯಾರ ಕೆಲಸ ಹೆಚ್ಚು ಜನಕ್ಕೆ ಮುಟ್ಟಿತು ಎಂದು ಕೇಳಿದರೆ ನನ್ನ ಓಟು ಅವಿನಾಶಿಲಿಂಗಂ ಅವರಿಗೇ. ನಾಯ್ಡು ಅವರಂಥ ಛಾತಿ ಎಲ್ಲರಿಗೂ ಬರದು. ಪುಸ್ತಕ ಎಲ್ಲರ ಕೈಗೂ ಬರಬಹುದು.

ಕರ್ನಾಟಕವೂ 1965ರಲ್ಲಿ ತನ್ನ ಗ್ರಂಥಾಲಯ ಕಾಯ್ದೆ ಮಾಡಿ ಸೆಸ್ ಹಾಕಿತು. ನಿಮ್ಮ ಮನೆ ಕಂದಾಯದ ರಸೀದಿಯನ್ನು ಒಮ್ಮೆ ನೋಡಿ. ಕೊಟ್ಟ ದುಡ್ಡಿಗಾದರೂ ನಿಮ್ಮೂರಿನ ಲೈಬ್ರರಿಗೆ ಹೋಗಿ, ಬೇಕಾದ ಪುಸ್ತಕ ಇಲ್ಲದಿದ್ದರೆ ತರಿಸಿ ಎಂದು ಕೇಳಿ.