ಕಲಿಕಾ ತಂತ್ರಾಂಶದ ಸಾಮೂಹಿಕ ಪಾಲನೆ: ಸೇಲಂ–ಧರ್ಮಪುರಿ ಕಾಲೇಜುಗಳನ್ನು ಮುಂದಿಟ್ಟುಕೊಂಡು ಒಂದು ವಿಚಾರ

ಮೂಡಲ್ ಎಂಬ ಕಲಿಕಾ ನಿರ್ವಹಣಾ ತಂತ್ರಾಂಶದ 3.9ನೇ ಆವೃತ್ತಿ 2020ರ ಜೂನ್‌ನಲ್ಲಿ ಹೊರಬಂತು. ಕೋವಿಡ್‌ನಿಂದಾಗಿ ಕಾಲೇಜುಗಳು ಮುಚ್ಚಿ, ಪಾಠವನ್ನು ಅಂತರ್ಜಾಲಕ್ಕೆ ಸಾಗಿಸುವ ಒತ್ತಡ ಅಧ್ಯಾಪಕರ ಮೇಲೆ ಬಿದ್ದಿದ್ದ ದಿನಗಳವು. ಅದು ದೀರ್ಘಾವಧಿ ಬೆಂಬಲದ ಆವೃತ್ತಿ. ಆದ್ದರಿಂದ ಹೊಸದಾಗಿ ಮೂಡಲ್ ಹಾಕಿಕೊಳ್ಳುವವರಿಗೆ ಅದೇ ಸಹಜ ಆಯ್ಕೆಯಾಗಿತ್ತು. ಅದರ ಭದ್ರತಾ ತಿದ್ದುಪಡಿಗಳು 2023ರ ಡಿಸೆಂಬರ್‌ಗೆ ನಿಂತುಹೋದವು. ಅಂದು ಹಾಕಿ, ಆಮೇಲೆ ಮುಟ್ಟದೆ ಬಿಟ್ಟ ಯಾವ ಸರ್ವರ್‌ನಲ್ಲೇ ಆಗಲಿ, ವಿದ್ಯಾರ್ಥಿಗಳ ಹೆಸರು, ಅಂಕ, ಉತ್ತರ ಪತ್ರಿಕೆಗಳು ಇಂದು ಕಾವಲಿಲ್ಲದೆ ಕೂತಿವೆ.

ಮುಕ್ತ ತಂತ್ರಾಂಶದ ಚರ್ಚೆ ನಮ್ಮಲ್ಲಿ ಸಾಮಾನ್ಯವಾಗಿ ಬೆಲೆಯಿಂದ ಶುರುವಾಗಿ ಬೆಲೆಯಲ್ಲೇ ಮುಗಿಯುತ್ತದೆ: ಪರವಾನಗಿಗೆ ಹಣ ಕೊಡಬೇಕಿಲ್ಲ, ಆದ್ದರಿಂದ ಬಡ ಕಾಲೇಜಿಗೆ ಅದೇ ಒಳ್ಳೆಯದು. ಪಾಲನೆಯ ವೆಚ್ಚ ಈ ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಮೇಲಿನ 3.9ನ್ನು ಈಗಿನ ದೀರ್ಘಾವಧಿ ಆವೃತ್ತಿಯಾದ 4.5ಕ್ಕೆ ಏರಿಸಲು ಏನೇನು ಬೇಕೆಂದು ನೋಡಿದರೆ ಅದು ಅರಿವಾಗುತ್ತದೆ. ನೇರವಾಗಿ ಜಿಗಿಯಲು ಬರುವುದಿಲ್ಲ. ಮೊದಲು 4.1ಕ್ಕೆ ಹೋಗಬೇಕು. ಅಲ್ಲಿ ನಿಂತು, ಮೂಡಲ್‌ಗೆ ಆಧಾರವಾದ ಪಿಎಚ್‌ಪಿ ಭಾಷೆಯನ್ನು 7.4ರಿಂದ 8.1ಕ್ಕೆ ಬದಲಿಸಬೇಕು, ಆ ಬಳಿಕವೇ 4.5. ಪ್ರತಿ ಮೆಟ್ಟಿಲಲ್ಲೂ ದತ್ತಸಂಚಯದ ಪ್ರತಿ ತೆಗೆದಿಡಬೇಕು, ಮತ್ತೊಂದು ಯಂತ್ರದಲ್ಲಿ ಪರೀಕ್ಷಿಸಬೇಕು, ಹೊರಗಿನವರು ಬರೆದ ಯಾವ ಪ್ಲಗಿನ್ ಹೊಸ ಆವೃತ್ತಿಯಲ್ಲಿ ಕೆಲಸ ಮಾಡುತ್ತದೆ, ಯಾವುದನ್ನು ಬರೆದವರೇ ಕೈಬಿಟ್ಟಿದ್ದಾರೆ ಎಂದು ಹುಡುಕಬೇಕು. ಬಲ್ಲವರಿಗೆ ಇದು ಕೆಲವು ದಿನಗಳ ಕೆಲಸ. ಸೆಮಿಸ್ಟರ್ ನಡುವೆ, ಪಾಠದ ಹೊರೆಯ ಮೇಲೆ, ಒಬ್ಬರೇ ಇದನ್ನು ಮಾಡಬೇಕಾಗಿ ಬಂದರೆ ಅದು ಆಗುವುದೇ ಇಲ್ಲ. ಮೂವತ್ತು ಕಾಲೇಜುಗಳಲ್ಲಿ ಮೂವತ್ತು ಜನ ಇದೇ ಹುಡುಕಾಟವನ್ನು ಬೇರೆ ಬೇರೆಯಾಗಿ ಮಾಡುವುದು ಶ್ರಮದ ಪೋಲು. ಈ ಕೆಲಸ ಸ್ವಭಾವದಿಂದಲೇ ಕೂಡಿ ಮಾಡುವಂಥದ್ದು, ಮತ್ತು ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಕಾಲೇಜು ವ್ಯವಸ್ಥೆಯಲ್ಲಿ ಇದಕ್ಕೆ ಹೊರದೇಶದ ಪ್ರಸಿದ್ಧ ಮಾದರಿಗಳಿಗೂ ಇಲ್ಲದ ಒಂದು ಅನುಕೂಲವಿದೆ ಎಂಬುದು ಈ ಲೇಖನದ ವಾದ.

ಮೊದಲು ಆ ಮಾದರಿಗಳು. ಮೂಡಲ್ ಹುಟ್ಟಿದ್ದು ಆಸ್ಟ್ರೇಲಿಯದ ಪರ್ತ್‌ನಲ್ಲಿ. ಕರ್ಟಿನ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಟಿನ್ ಡೂಗಿಯಾಮಸ್ 2002ರ ಆಗಸ್ಟ್‌ನಲ್ಲಿ ಅದರ ಮೊದಲ ಆವೃತ್ತಿಯನ್ನು ಬಿಡುಗಡೆ ಮಾಡಿದರು. ಎರಡೇ ವರ್ಷದಲ್ಲಿ ನ್ಯೂಜಿಲೆಂಡಿನ ಓಪನ್ ಪಾಲಿಟೆಕ್ನಿಕ್‌ನ ಮುಂದಾಳತ್ವದಲ್ಲಿ ಅಲ್ಲಿನ ಶಿಕ್ಷಣ ಸಂಸ್ಥೆಗಳು ಸರ್ಕಾರದ ಅನುದಾನದಿಂದ ಅದನ್ನು ದೊಡ್ಡ ಸಂಸ್ಥೆಗಳಿಗೆ ತಕ್ಕಂತೆ ಬಲಪಡಿಸಿದವು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 2005ರಲ್ಲಿ ಮೂಡಲ್ ಆರಿಸಿಕೊಂಡಿತು. 2011ರ 2.1ನೇ ಆವೃತ್ತಿಯಲ್ಲಿ ರಸಪ್ರಶ್ನೆಯ ಇಡೀ ಎಂಜಿನ್ ಹೊಸದಾಗಿ ಬಂದದ್ದು ಆ ವಿಶ್ವವಿದ್ಯಾಲಯದ ಟಿಮ್ ಹಂಟ್ ಅವರ ಕೆಲಸದಿಂದ. ತನಗೆ ಬೇಕಾದ್ದನ್ನು ತನ್ನಲ್ಲೇ ಇಟ್ಟುಕೊಳ್ಳದೆ ಮೂಲಕ್ಕೇ ಸೇರಿಸಿದ್ದರಿಂದ ಮುಂದಿನ ಪ್ರತಿ ಏರಿಕೆಯಲ್ಲೂ ಅದನ್ನು ಮತ್ತೆ ಜೋಡಿಸುವ ಹೊರೆ ಆ ಸಂಸ್ಥೆಗೆ ಉಳಿಯಲಿಲ್ಲ. ಮೂಡಲ್‌ನ ಪರವಾನಗಿ ಜಿಪಿಎಲ್. ಸ್ವಂತ ಸರ್ವರ್‌ನಲ್ಲಿ ಮಾಡಿಕೊಂಡ ಬದಲಾವಣೆಯನ್ನು ಹಂಚದೆ ಬಚ್ಚಿಟ್ಟುಕೊಳ್ಳಲು ಅದು ಅಡ್ಡಿ ಮಾಡುವುದಿಲ್ಲ. ಆದರೆ ಬಚ್ಚಿಟ್ಟುಕೊಂಡವರು ಆರು ತಿಂಗಳಿಗೊಮ್ಮೆ ಬರುವ ಹೊಸ ಆವೃತ್ತಿಯೊಡನೆ ಅದನ್ನು ತಾವೇ ಹೊಂದಿಸುತ್ತ ಹೋಗಬೇಕು.

ನಮ್ಮ ಕಾಲೇಜುಗಳ ಗಾತ್ರಕ್ಕೆ ಹತ್ತಿರದ ಉದಾಹರಣೆ ಅಮೆರಿಕದ ಕ್ಲ್ಯಾಂಪ್ ಒಕ್ಕೂಟ. ಲಫಾಯೆಟ್, ಸ್ಮಿತ್ ಮೊದಲಾದ ಲಿಬರಲ್ ಆರ್ಟ್ಸ್ ಕಾಲೇಜುಗಳು ಎರಡು ಮೂರು ಸಾವಿರ ವಿದ್ಯಾರ್ಥಿಗಳ ಸಂಸ್ಥೆಗಳು. ದೊಡ್ಡ ವಿಶ್ವವಿದ್ಯಾಲಯದಂತೆ ತಂತ್ರಜ್ಞರ ಪಡೆಯನ್ನು ಸಾಕುವ ಶಕ್ತಿ ಅವುಗಳಿಗಿಲ್ಲ. ಈ ಕಾಲೇಜುಗಳವರು ‘ಹ್ಯಾಕ್/ಡಾಕ್ ಫೆಸ್ಟ್’ ಎಂಬ ಕೂಟಗಳಲ್ಲಿ ಕೆಲವು ದಿನ ಒಂದೆಡೆ ಕುಳಿತು ಕೆಲಸ ಮಾಡುವ ಪದ್ಧತಿ ಹಾಕಿಕೊಂಡರು. ಪ್ರೋಗ್ರಾಂ ಬರೆಯಬಲ್ಲವರು ದೋಷ ತಿದ್ದುವುದು, ಬರೆಯಲಾರದವರು ಅಧ್ಯಾಪಕರಿಗೆ ಕೈಪಿಡಿ ಬರೆಯುವುದು ಮತ್ತು ಹೊಸ ಆವೃತ್ತಿಯನ್ನು ಪರೀಕ್ಷಿಸುವುದು. ಹೆಸರು ಕಾಣದಂತೆ ಚರ್ಚೆಯಲ್ಲಿ ಬರೆಯುವ ಸೌಲಭ್ಯದಂಥ, ತಮ್ಮ ತರಗತಿಗಳಿಗೆ ಬೇಕಾದ ಅಂಶಗಳನ್ನು ಸೇರಿಸಿ ತಮ್ಮದೇ ಒಂದು ಆವೃತ್ತಿಯನ್ನೂ ಹೊರತಂದರು. ಕೈಪಿಡಿ ಬರೆದವರನ್ನು ಕೋಡ್ ಬರೆದವರಷ್ಟೇ ಮುಖ್ಯರೆಂದು ಎಣಿಸಿದ್ದು ನನಗೆ ಇದರಲ್ಲಿ ಬಹಳ ಮೆಚ್ಚುಗೆಯಾದ ಸಂಗತಿ. ಹಾಗಿರುವುದರಿಂದಲೇ ಗ್ರಂಥಪಾಲಕರು, ಇತಿಹಾಸದ ಅಧ್ಯಾಪಕರು ಕೂಡ ಪಾಲನೆಯಲ್ಲಿ ಪಾಲುಗೊಳ್ಳಬಲ್ಲರು.

ಸಕಾಯ್‌ನ ಕಥೆ ಬೇರೆ ಪಾಠ ಹೇಳುತ್ತದೆ. ಮಿಶಿಗನ್, ಇಂಡಿಯಾನಾ, ಎಂಐಟಿ, ಸ್ಟ್ಯಾನ್‌ಫರ್ಡ್ ಸೇರಿ 2004ರಲ್ಲಿ ಮೆಲನ್ ಪ್ರತಿಷ್ಠಾನದ ನೆರವಿನಿಂದ ಶುರು ಮಾಡಿದ ತಂತ್ರಾಂಶ ಅದು. ಜೊತೆಗೂಡುವ ಸಂಸ್ಥೆಗಳು ವರ್ಷಕ್ಕೆ 10,000 ಡಾಲರ್ ಕೊಡುವ ಏರ್ಪಾಡಿತ್ತು. ಮುಂದೆ ಮಿಶಿಗನ್, ಇಂಡಿಯಾನಾ ಎರಡೂ ಕ್ಯಾನ್ವಾಸ್ ಎಂಬ ವಾಣಿಜ್ಯ ಸೇವೆಗೆ ಹೊರಳಿದವು. ಸಕಾಯ್ ಅಳಿಯಲಿಲ್ಲ, 2012ರಲ್ಲಿ ರೂಪುಗೊಂಡ ಅಪೆರಿಯೊ ಪ್ರತಿಷ್ಠಾನದ ಆಶ್ರಯದಲ್ಲಿ ನಡೆದಿದೆ. ಆದರೆ ಕೆಲವೇ ಶ್ರೀಮಂತ ಸ್ಥಾಪಕರ ಮೇಲೆ ನಿಂತ ಸಹಕಾರ ಅವರು ಎದ್ದುಹೋದಾಗ ಎಷ್ಟು ಬಡವಾಗುತ್ತದೆಂಬುದು ಅದರಿಂದ ತಿಳಿಯುತ್ತದೆ.

ಈಗ ನೆಲದ ಕಡೆಗೆ. 1965ರ ಅಕ್ಟೋಬರ್‌ವರೆಗೆ ಧರ್ಮಪುರಿ ಸೇಲಂ ಜಿಲ್ಲೆಯ ಭಾಗವಾಗಿತ್ತು. ನಾಮಕ್ಕಲ್ 1997ರಲ್ಲಿ ಸೇಲಂನಿಂದಲೂ ಕೃಷ್ಣಗಿರಿ 2004ರಲ್ಲಿ ಧರ್ಮಪುರಿಯಿಂದಲೂ ಬೇರೆಯಾದವು. ಆಡಳಿತ ಹೀಗೆ ಒಡೆಯುತ್ತ ಹೋದರೂ ಉನ್ನತ ಶಿಕ್ಷಣ ಕೂಡಿಯೇ ಉಳಿದಿದೆ. 1997ರಲ್ಲಿ ಸ್ಥಾಪನೆಯಾದ ಪೆರಿಯಾರ್ ವಿಶ್ವವಿದ್ಯಾಲಯಕ್ಕೆ ಈ ನಾಲ್ಕೂ ಜಿಲ್ಲೆಗಳ ಕಲಾ, ವಿಜ್ಞಾನ ಕಾಲೇಜುಗಳು ಸೇರುತ್ತವೆ. ಅದರ ಆವರಣ ಇರುವುದು ಸೇಲಂನಿಂದ ಬೆಂಗಳೂರಿಗೆ ಬರುವ ಹೆದ್ದಾರಿಯ ಬದಿಯ ಕರುಪ್ಪೂರಿನ ಬಳಿ. 1966ರಲ್ಲಿ ಶುರುವಾದ ಸೇಲಂ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇರುವುದೂ ಅಲ್ಲೇ. ಧರ್ಮಪುರಿಯ ಚೆಟ್ಟಿಕರೈಯಲ್ಲಿ 2013ರಿಂದ ಮತ್ತೊಂದು ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಹರೂರು, ಕಾರಿಮಂಗಲಂ, ಪೆನ್ನಾಗರಂಗಳಂಥ ಸಣ್ಣ ಊರುಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳಿವೆ. 2011ರ ಜನಗಣತಿಯಲ್ಲಿ ತಮಿಳುನಾಡಿನಲ್ಲೇ ಅತಿ ಕಡಿಮೆ ಸಾಕ್ಷರತೆ, ಶೇ. 68.5ರಷ್ಟು, ದಾಖಲಾದದ್ದು ಧರ್ಮಪುರಿಯಲ್ಲಿ. ಅಲ್ಲಿ ಕಾಲೇಜು ಮೆಟ್ಟಿಲೇರುವ ಬಹಳ ಮಂದಿ ತಮ್ಮ ಮನೆಯ ಮೊದಲ ಪದವೀಧರರು.

ಹಿಂದೆ ಹೇಳಿದ ಅನುಕೂಲ ಇಲ್ಲಿದೆ. ಅಮೆರಿಕದ ಆ ಕಾಲೇಜುಗಳು ಪಠ್ಯಕ್ರಮವನ್ನು ತಂತಮ್ಮಲ್ಲೇ ರೂಪಿಸಿಕೊಳ್ಳುತ್ತವೆ. ಆದ್ದರಿಂದ ಅವು ಹಂಚಿಕೊಂಡದ್ದು ತಂತ್ರಾಂಶವನ್ನು, ಕೈಪಿಡಿಯನ್ನು, ಪಾಠವನ್ನಲ್ಲ. ಒಂದು ವಿಶ್ವವಿದ್ಯಾಲಯಕ್ಕೆ ಸೇರಿದ ನಮ್ಮ ಕಾಲೇಜುಗಳಲ್ಲಿ, ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ಪಠ್ಯಕ್ರಮ ಒಂದೇ, ಪರೀಕ್ಷೆಯೂ ಒಂದೇ. ಇಂಜಿನಿಯರಿಂಗ್ ಕಾಲೇಜುಗಳಿಗೆ ಅಣ್ಣಾ ವಿಶ್ವವಿದ್ಯಾಲಯದ ಮೂಲಕ ಇದೇ ಸ್ಥಿತಿ. ಈ ಏಕರೂಪತೆಯನ್ನು ನಾವು ಶಿಕ್ಷಣದ ದೋಷವೆಂದು ಟೀಕಿಸುತ್ತ ಬಂದಿದ್ದೇವೆ, ಆ ಟೀಕೆ ಸರಿಯೂ ಹೌದು. ಆದರೆ ಹಂಚಿಕೆಯ ದೃಷ್ಟಿಯಿಂದ ಅದು ದೊಡ್ಡ ಆಸ್ತಿ. ಹರೂರಿನ ಅಧ್ಯಾಪಕಿ ಬಿ.ಎಸ್ಸಿ. ಮೊದಲ ಸೆಮಿಸ್ಟರಿನ ಒಂದು ಘಟಕಕ್ಕೆ ಬರೆದ ಪ್ರಶ್ನೆಗಳನ್ನು ಕಾರಿಮಂಗಲಂನವರು ಒಂದಕ್ಷರ ಬದಲಿಸದೆ ಬಳಸಬಹುದು. ಮೂಡಲ್‌ನಲ್ಲಿ ಪ್ರಶ್ನಾಭಂಡಾರವನ್ನೂ ಇಡೀ ಕೋರ್ಸನ್ನೂ ಕಡತವಾಗಿ ಹೊರತೆಗೆದು ಬೇರೆಡೆ ಸೇರಿಸುವ ವ್ಯವಸ್ಥೆ ಮೊದಲೇ ಇದೆ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಸ್ಯಾಂಗ್ವಿನ್ ಶುರು ಮಾಡಿದ ‘ಸ್ಟ್ಯಾಕ್’ ಎಂಬ ಗಣಿತ ಪ್ರಶ್ನೆಯ ವಿಧಾನವನ್ನು ಇಲ್ಲಿ ನೆನೆಯಬೇಕು. ವಿದ್ಯಾರ್ಥಿ ಬರೆದ ಬೀಜಗಣಿತದ ಉತ್ತರವನ್ನು ಅದು ಮ್ಯಾಕ್ಸಿಮಾ ಎಂಬ ಮುಕ್ತ ತಂತ್ರಾಂಶದಿಂದ ಪರಿಶೀಲಿಸಿ, ಎಲ್ಲಿ ತಪ್ಪಿತೆಂದು ಹೇಳುತ್ತದೆ. ಇಂಥ ಒಂದು ಒಳ್ಳೆಯ ಪ್ರಶ್ನೆ ಬರೆಯಲು ಬಹಳ ಹೊತ್ತು ಹಿಡಿಯುವುದರಿಂದಲೇ ಫಿನ್ಲೆಂಡಿನ ವಿಶ್ವವಿದ್ಯಾಲಯಗಳು ಅಬಾಕಸ್ ಎಂಬ ಸಾಮಾನ್ಯ ಪ್ರಶ್ನಾಭಂಡಾರ ಕಟ್ಟಿಕೊಂಡವು.

ಜ್ಞಾನವಿಲ್ಲ, ಜನರಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಚೆನ್ನೈಯ ಸಿ-ಡ್ಯಾಕ್ ಮತ್ತು ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರ ಸೇರಿ 2005ರಲ್ಲಿ ಮುಕ್ತ ತಂತ್ರಾಂಶದ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವನ್ನು ನಡೆಸತೊಡಗಿದವು. ಬಾಸ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಂದದ್ದು ಅಲ್ಲಿಂದ. ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಮುಕ್ತ ತಂತ್ರಾಂಶವನ್ನು ಐಚ್ಛಿಕ ವಿಷಯವಾಗಿಸುವ ಪ್ರಯತ್ನವೂ ಅದರದೇ. ಐಐಟಿ ಬಾಂಬೆಯ ಹತ್ತು ಸಾವಿರ ಶಿಕ್ಷಕರ ತರಬೇತಿ ಯೋಜನೆ ದೇಶದ ನೂರಾರು ಕಾಲೇಜುಗಳನ್ನು ದೂರಕೇಂದ್ರಗಳಾಗಿಸಿ ಅಧ್ಯಾಪಕರಿಗೆ ಮೂಡಲ್ ಬಳಕೆಯ ರೂಢಿ ಮಾಡಿಸಿತು. ವಿಳುಪ್ಪುರಂನಲ್ಲಿ ಲಿನಕ್ಸ್ ಬಳಕೆದಾರರ ಸ್ವಯಂಸೇವಾ ಸಂಘವೊಂದು ಹಳ್ಳಿಯ ವಿದ್ಯಾರ್ಥಿಗಳಿಗೆ ಕಲಿಸುತ್ತ ಬಂದಿದೆ. ಕೊರತೆ ಇರುವುದು ಬೇರೆಡೆ. ಈ ಎಲ್ಲ ಯೋಜನೆಗಳು ಅಧ್ಯಾಪಕರನ್ನು ಬಳಕೆದಾರರನ್ನಾಗಿ ಮಾಡಿದವೇ ಹೊರತು ಪಾಲಕರನ್ನಾಗಿ ಅಲ್ಲ. ಸ್ವಯಂನಂಥ ರಾಷ್ಟ್ರೀಯ ವೇದಿಕೆಯಲ್ಲಾಗಲಿ, ಕರ್ನಾಟಕ ಸರ್ಕಾರ 2021ರ ಫೆಬ್ರವರಿಯಲ್ಲಿ ತನ್ನ ಪದವಿ ಕಾಲೇಜುಗಳಿಗಾಗಿ ಆರಂಭಿಸಿದ ಕಲಿಕಾ ನಿರ್ವಹಣಾ ವ್ಯವಸ್ಥೆಯಲ್ಲಾಗಲಿ ತಂತ್ರಾಂಶದ ಕೀಲಿಕೈ ಇರುವುದು ರಾಜಧಾನಿಯಲ್ಲಿ. ವ್ಯಾಪ್ತಿಗೆ ಅದು ಒಳ್ಳೆಯದೇ. ಆದರೆ ತನ್ನ ತರಗತಿಗೆ ಬೇಕಾದ ಒಂದು ಸಣ್ಣ ಬದಲಾವಣೆಯನ್ನು ಅಧ್ಯಾಪಕ ತಾನೇ ಮಾಡಿ ನೋಡುವ ಅವಕಾಶ ಅಲ್ಲಿ ಇರುವುದಿಲ್ಲ.

ಸಹಕಾರಕ್ಕೆ ಅಡ್ಡಿಗಳು ನಿಜವಾಗಿವೆ. ಸರ್ಕಾರಿ ಕಾಲೇಜುಗಳಲ್ಲಿ ವರ್ಗಾವಣೆ: ಬಲ್ಲವರು ಹೋದರೆ ಸರ್ವರ್ ಅನಾಥ. ಖಾಸಗಿ ಕಾಲೇಜುಗಳಲ್ಲಿ ಪ್ರವೇಶಕ್ಕಾಗಿ ಪೈಪೋಟಿ. ನ್ಯಾಕ್ ಮೌಲ್ಯಮಾಪನ ಪ್ರತಿ ಸಂಸ್ಥೆಯನ್ನೂ ಬಿಡಿಯಾಗಿ ಅಳೆಯುವುದರಿಂದ ಎಲ್ಲರಿಗೂ ಸೇರಿದ ತಂತ್ರಾಂಶಕ್ಕೆ ಸಲ್ಲಿಸಿದ ತಿದ್ದುಪಡಿಯೊಂದು ಯಾರ ಸಾಧನೆಯಾಗಿಯೂ ಸುಲಭಕ್ಕೆ ಕಾಣುವುದಿಲ್ಲ. ಅಧ್ಯಾಪಕರ ಬಡ್ತಿಯಲ್ಲಿ ಪ್ರಕಟಿತ ಲೇಖನಕ್ಕೆ ಇರುವ ತೂಕ ಒಂದು ವರ್ಷ ಸರ್ವರ್ ಕಾಯ್ದವರ ದುಡಿಮೆಗಿಲ್ಲ. ಇದು ಅನ್ಯಾಯ, ಮತ್ತು ಆದೇಶವೊಂದರಿಂದ ವಿಶ್ವವಿದ್ಯಾಲಯ ಸರಿಪಡಿಸಬಹುದಾದ ಅನ್ಯಾಯ. ಇನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಳಿಕ, ಒಂದೇ ಸರ್ವರ್‌ನಲ್ಲಿ ಹತ್ತು ಕಾಲೇಜುಗಳ ವಿದ್ಯಾರ್ಥಿಗಳ ವಿವರವಿಟ್ಟರೆ ಹೊಣೆ ಯಾರದೆಂಬ ಪ್ರಶ್ನೆ ಏಳುತ್ತದೆ. ನನ್ನ ಅಭಿಪ್ರಾಯದಲ್ಲಿ ದತ್ತಾಂಶ ಆಯಾ ಕಾಲೇಜಿನಲ್ಲೇ ಇರಲಿ. ಸಾಮಾನ್ಯವಾಗಬೇಕಾದ್ದು ಕೋಡಿನ ಭಂಡಾರ, ಪರೀಕ್ಷಿಸಿದ ಪ್ಲಗಿನ್‌ಗಳ ಪಟ್ಟಿ, ಏರಿಕೆಯ ಕ್ರಮವನ್ನು ಹೆಜ್ಜೆ ಹೆಜ್ಜೆಯಾಗಿ ಬರೆದ ಕೈಪಿಡಿ ಮತ್ತು ಪ್ರಶ್ನೆಗಳು.

ಹಣದ ಪ್ರಶ್ನೆಗೆ ಧರ್ಮಪುರಿಯೇ ಒಂದು ಹಳೆಯ ನಿದರ್ಶನ ಕೊಡುತ್ತದೆ. ಅಂದು ತಗಡೂರು ಎನಿಸಿದ್ದ ಈ ಊರಿನಲ್ಲಿ ಶಕ 815ರ, ಅಂದರೆ ಕ್ರಿ.ಶ. 893ರ, ನೊಳಂಬ ಮಹೇಂದ್ರನ ಕಾಲದ ಕನ್ನಡ ಕಂಬ ಶಾಸನವಿದೆ. ನಿಧಿಯಣ್ಣ, ಚಂದಿಯಣ್ಣ ಎಂಬವರು ಅಲ್ಲಿ ಬಸದಿ ಕಟ್ಟಿಸಿದರು. ಕಟ್ಟಿದ್ದಕ್ಕೆ ಮುಗಿಯಲಿಲ್ಲ, ಅದರ ದುರಸ್ತಿಗೂ ಪೂಜೆಗೂ ಮೂಲಪಳ್ಳಿ ಎಂಬ ಗ್ರಾಮವನ್ನು ದತ್ತಿಯಾಗಿ ಬಿಡಲಾಯಿತು. ಕನ್ನಡ ಶಾಸನಗಳಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಭೂಮಿ ಬಿಟ್ಟ ಉಲ್ಲೇಖಗಳು ಹೇರಳ. ಒಡೆದದ್ದನ್ನು, ಬಿರಿದದ್ದನ್ನು ಸರಿಪಡಿಸಲು ವರ್ಷ ವರ್ಷವೂ ಬರುವ ಉತ್ಪನ್ನ ಬೇಕೆಂದು ಅವರಿಗೆ ಗೊತ್ತಿತ್ತು. ಇಂದಿನ ಅನುದಾನಗಳು ಹೆಚ್ಚಾಗಿ ಖರೀದಿಗೆ, ಕಟ್ಟಡಕ್ಕೆ, ಒಂದು ಸಲಕ್ಕೆ. ಸೇರುವ ಪ್ರತಿ ಕಾಲೇಜೂ ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕ ಸಣ್ಣ ವಾರ್ಷಿಕ ಪಾಲು ಕೊಟ್ಟರೆ ಇಬ್ಬರು ಪೂರ್ಣಕಾಲದ ತಂತ್ರಜ್ಞರನ್ನು ಕರುಪ್ಪೂರಿನಲ್ಲಿ ಇಟ್ಟುಕೊಳ್ಳಬಹುದು. ಸಕಾಯ್‌ನಂತೆ ನಾಲ್ಕು ದೊಡ್ಡವರ ಮೇಲೆ ನಿಲ್ಲದೆ ಹಲವು ಸಣ್ಣವರ ಮೇಲೆ ನಿಲ್ಲುವ ವ್ಯವಸ್ಥೆ ಇದು. ಒಂದು ಕಾಲೇಜು ಬಿಟ್ಟುಹೋದರೂ ಉಳಿಯುತ್ತದೆ.

ಭಾಷೆಯ ವಿಷಯದಲ್ಲಿ ಕನ್ನಡಿಗರಾದ ನಮ್ಮ ಕೆಲಸವೂ ಇದೆ. ಮಾರಂಡಹಳ್ಳಿಯಂಥ ಊರಹೆಸರುಗಳೇ ಹೇಳುವಂತೆ ಈ ಸೀಮೆಯಲ್ಲಿ ಕನ್ನಡ ಹಳೆಯದು. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ತಮಿಳು ಇಲ್ಲವೇ ಇಂಗ್ಲಿಷ್ ಮಾಧ್ಯಮ ಎಂಬುದು ಇಲ್ಲಿನ ಎಷ್ಟೋ ವಿದ್ಯಾರ್ಥಿಗಳ ಅನುಭವ. ಒಂದೇ ಪ್ರಶ್ನೆಯನ್ನು ಹಲವು ಭಾಷೆಗಳಲ್ಲಿ ಬರೆದಿಟ್ಟು, ನೋಡುವವರು ಆರಿಸಿದ ಭಾಷೆಯಲ್ಲಿ ಮಾತ್ರ ಕಾಣಿಸುವ ಸೋಸುಕ ಮೂಡಲ್‌ನಲ್ಲಿದೆ. ತಮಿಳು, ಕನ್ನಡ ಭಾಷಾ ಕಟ್ಟುಗಳೂ ಇವೆ. ಕನ್ನಡದ್ದು ಪೂರ್ಣವಾಗಿಲ್ಲ: ಕನ್ನಡ ಆರಿಸಿದರೂ ತೆರೆಯ ಮೇಲೆ ನಡುನಡುವೆ ಇಂಗ್ಲಿಷ್ ಸಾಲುಗಳು ಉಳಿಯುತ್ತವೆ. ಅನುವಾದವನ್ನು ಮೂಡಲ್‌ನ ಭಾಷಾ ತಾಣದಲ್ಲಿ ಯಾರು ಬೇಕಾದರೂ ಸಲ್ಲಿಸಬಹುದು. ನಿರ್ವಾಹಕರು ಒಪ್ಪಿದ್ದು ಜಗತ್ತಿನ ಎಲ್ಲ ಮೂಡಲ್ ತಾಣಗಳಿಗೂ ತಲುಪುತ್ತದೆ.

ಕರುಪ್ಪೂರಿನ ಎರಡು ಸಂಸ್ಥೆಗಳ ಅಧ್ಯಾಪಕರು ಮೊದಲ ಸೆಮಿಸ್ಟರಿನ ಒಂದೇ ಒಂದು ಪತ್ರಿಕೆಯ ಪ್ರಶ್ನಾಭಂಡಾರದಿಂದ ಶುರು ಮಾಡಲಿ, ಧರ್ಮಪುರಿಯ ಕಾಲೇಜುಗಳನ್ನು ಮೊದಲ ದಿನದಿಂದಲೇ ಜೊತೆಗೆ ಕೂರಿಸಿಕೊಳ್ಳಲಿ. ಬೆಂಗಳೂರು, ಮೈಸೂರು, ಧಾರವಾಡದ ಕನ್ನಡ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟು: ಮುಂದಿನ ರಜೆಯಲ್ಲಿ ನಿಮ್ಮ ವಿದ್ಯಾರ್ಥಿಗಳೊಡನೆ ಕುಳಿತು ಮೂಡಲ್‌ನ ಕನ್ನಡ ಕಟ್ಟಿನಲ್ಲಿ ಬಾಕಿ ಇರುವ ಸಾಲುಗಳನ್ನು ಅನುವಾದಿಸಿ ಕಳುಹಿಸಿ.